ಮುಳ್ಳಯ್ಯನಗಿರಿಯಿಂದ ಬಾಬಾಬುಡನ್‌ಗಿರಿಗೆ ಗುಡ್ಡದ ನೆತ್ತಿ ಮೇಲೇ ನಡಿಗೆ: 14 ಜನ, ಗಾಳಿಗೆ ಹೇಗೆ ತಯಾರಾಗೋದು?

ವಿಜಯನಗರ ವಾಕರ್
ನಮ್ಮ ಬಡಾವಣೆಯ ನಡಿಗೆ ಗುಂಪಿನಿಂದ 14 ಜನ ಹೊರಟಿದ್ದೀವಿ. ವಯಸ್ಸು 22ರಿಂದ 61. ಸೆಪ್ಟೆಂಬರ್ ಕೊನೇ ವಾರ, ರಾತ್ರಿ ಮೆಜೆಸ್ಟಿಕ್‌ನಿಂದ ಬಸ್, ಬೆಳಿಗ್ಗೆ ಚಿಕ್ಕಮಗಳೂರು, ಜೀಪಲ್ಲಿ ಸರ್ಪದಾರಿ ಅನ್ನೋ ಕಾಲುದಾರಿಯ ಬುಡ, ಅಲ್ಲಿಂದ ಮುಳ್ಳಯ್ಯನಗಿರಿ ಹತ್ತಿ ನೆತ್ತಿ ಮೇಲೇ ಬಾಬಾಬುಡನ್‌ಗಿರಿ ಕಡೆಗೆ. ಅದೇ ರಾತ್ರಿ ವಾಪಸ್ ಬೆಂಗಳೂರು.

ಎಲ್ಲರೂ ನಂದಿ, ಮಾಕಳಿದುರ್ಗ, ಸಾವನದುರ್ಗ ಹತ್ತಿದವರೇ. ಆದರೆ ಅಲ್ಲಿ ಬಂಡೆ, ಪೊದೆ ಏನಾದ್ರೂ ಮರೆ ಇರುತ್ತೆ. ಇಲ್ಲಿ ಗಂಟೆಗಟ್ಟಲೆ ಬೋಳು ಹುಲ್ಲುಗುಡ್ಡ. ಹಾಗಾಗಿ ಕೇಳ್ತಿದ್ದೀನಿ: ಗಾಳಿ ಎಷ್ಟಾದ್ರೆ ವಾಪಸ್ ಬರಬೇಕು? ಪಾಂಚೊ (ತಲೆಯಿಂದ ಇಳಿಬಿಡೋ ಮಳೆ ಹೊದಿಕೆ) ಸಾಕಾ, ಜಾಕೆಟ್ ಬೇಕಾ? ಮಂಜು ಕವಿದಾಗ ಇಷ್ಟು ಜನರನ್ನ ಒಟ್ಟಿಗೆ ಇಟ್ಕೊಳ್ಳೋದು ಹೇಗೆ? ಮಧ್ಯದಲ್ಲಿ ಯಾರಿಗಾದ್ರೂ ಆಗ್ಲಿಲ್ಲ ಅಂದ್ರೆ ಇಳಿಯೋದು ಎಲ್ಲಿ?

ಮೋಡದ ಮೇಲೆ
ಮೊದಲನೇದು, ಚಿಕ್ಕಮಗಳೂರು ಊರಿನ ಹವಾಮಾನ ನೋಡಿ ಹೊರಡಬೇಡಿ. ಊರು ಇರೋದು ಸುಮಾರು 1,090 ಮೀಟರ್‌ನಲ್ಲಿ, ತುದಿ 1,930. ಎತ್ತರದ ಲೆಕ್ಕದಲ್ಲೇ ಐದು ಡಿಗ್ರಿ ಕಮ್ಮಿ ಆಗುತ್ತೆ, ಗಾಳಿಯಂತೂ ಬೇರೇನೇ.

ವಿಂಡಿ ಆಪ್ ತೆಗೀರಿ. ಬಲಗಡೆ ಎತ್ತರದ ಪಟ್ಟಿ ಇರುತ್ತೆ, ಅದನ್ನ 800 ಹೆಕ್ಟೊಪಾಸ್ಕಲ್‌ಗೆ ಇಡಿ. ಹೆಚ್ಚೂಕಮ್ಮಿ 2,000 ಮೀಟರ್ ಎತ್ತರದ ಗಾಳಿ ಅದು. ನೆಲದ ಮಟ್ಟದ ಅಂಕಿ ನಂಬಬೇಡಿ, ಯಾಕಂದ್ರೆ ಮುನ್ಸೂಚನೆ ಲೆಕ್ಕ ಹಾಕೋ ಕಂಪ್ಯೂಟರ್ ಮಾಡೆಲ್ ಗುಡ್ಡದ ತುದಿಯನ್ನ ಸವೆಸಿ ತಗ್ಗಿಸಿ ಲೆಕ್ಕ ಹಾಕಿರುತ್ತೆ. ಎರಡು ಬೇರೆ ಮಾಡೆಲ್ ಹೋಲಿಸಿ, ಜಾಸ್ತಿ ತೋರಿಸೋದನ್ನ ಹಿಡೀರಿ.

ಗಂಟೆಗೆ 30 ಕಿ.ಮೀ. ಒಳಗಿದ್ರೆ ಆರಾಮ. 40 ದಾಟಿದ್ರೆ ಛತ್ರಿ ಮರೆತುಬಿಡಿ, ಮಾತೂ ಕೇಳಿಸಲ್ಲ. 50ರಿಂದ 60 ಅಂದ್ರೆ ಗಾಳಿಯ ಜೋರು ಹೇಳೋ ಬೋಫರ್ಟ್ ಅಳತೆಯಲ್ಲಿ 7, ಎದುರು ನಡೆಯೋದೇ ಒಂದು ಕೆಲಸ. ಮಿಶ್ರ ವಯಸ್ಸಿನ ಗುಂಪಿಗೆ 45 ತೋರಿಸಿದ್ರೆ ನೆತ್ತಿ ದಾರಿ ಬಿಟ್ಟುಬಿಡಿ.

ರಾಯಲ್ ಎಕ್ಸ್‌ಪ್ರೆಸ್
45ಕ್ಕೆಲ್ಲಾ ಬಿಟ್ಟುಬಿಡೋದಾ? ನೈಸ್ ರೋಡಲ್ಲಿ ಬೈಕ್ ಮೇಲೆ ದಿನಾ 80ರ ಗಾಳಿ ಎದೆಗೆ ಹೊಡೆಸ್ಕೊಂಡು ಹೋಗ್ತಾರೆ ಜನ. ಸುಮ್ನೆ ಹೆದರಿಸಬೇಡಿ.

ಮೋಡದ ಮೇಲೆ
ಬೈಕ್‌ನಲ್ಲಿ ಕೂತಿರ್ತೀರ, ಹ್ಯಾಂಡಲ್ ಹಿಡಿದಿರ್ತೀರ, ಗಾಳಿ ಒಂದೇ ಸಮ ಎದುರಿಂದ ಬರುತ್ತೆ. ಗುಡ್ಡದ ಮೇಲೆ ಅದು ಬಿಟ್ಟು ಬಿಟ್ಟು ಪಕ್ಕದಿಂದ ಹೊಡೆಯುತ್ತೆ. ನೀವು ಗಾಳಿಗೆ ವಾಲಿಕೊಂಡು ಹೆಜ್ಜೆ ಎತ್ತಿರ್ತೀರ, ಅದು ಥಟ್ಟನೆ ನಿಂತುಬಿಡುತ್ತೆ. ಬೀಳೋದು ಆಗ. ಇನ್ನೊಂದು, ವೇಗ ಎರಡರಷ್ಟಾದ್ರೆ ಒತ್ತಡ ನಾಲ್ಕರಷ್ಟು. 30ರಲ್ಲಿ ಚೆನ್ನಾಗಿ ನಡೆದವರು 60ರಲ್ಲಿ ಕೂತುಬಿಡೋದು ಅದಕ್ಕೇ. ಸರಾಸರಿ 45 ಇದ್ದಾಗ ಒಂದೊಂದು ಬೀಸು 60 ಮುಟ್ಟುತ್ತೆ. ನಾನು ಹೇಳಿದ್ದು ಆ ಲೆಕ್ಕದಲ್ಲಿ.

ಜಾಗರ ಕಣಿವೆ
ದಿಕ್ಕಿನ ಬಗ್ಗೆ ಯಾರೂ ಹೇಳಿಲ್ಲ. ಬಾಬಾಬುಡನ್ ಸಾಲು ಕುದುರೆ ಲಾಳದ ಆಕಾರ, ಬಾಯಿ ವಾಯವ್ಯಕ್ಕೆ, ಒಳಗೆ ಜಾಗರ ಕಣಿವೆ. ಮುಳ್ಳಯ್ಯನಗಿರಿಯಿಂದ ನೀವು ಉತ್ತರಕ್ಕೆ ಹೋಗ್ತೀರ. ಸೆಪ್ಟೆಂಬರ್‌ನಲ್ಲಿ ಇನ್ನೂ ಮುಂಗಾರಿನ ಪಡುವಣ ಗಾಳಿ, ಅಂದ್ರೆ ದಿನವಿಡೀ ಎಡಗಡೆಯಿಂದ ನೂಕುತ್ತೆ. ಹಾಗಾಗಿ:

- ನಿಲ್ಲೋದು, ಊಟ ಮಾಡೋದು ಎಲ್ಲಾ ನೆತ್ತಿಯಿಂದ ಪೂರ್ವಕ್ಕೆ ನಾಲ್ಕಾರು ಮೀಟರ್ ಕೆಳಗೆ. ಅಷ್ಟು ಇಳಿದ್ರೇ ಗಾಳಿ ಅರ್ಧಕ್ಕರ್ಧ ಕಮ್ಮಿ.
- ಕೋಲು ಒಂದೇ ಇದ್ರೆ ಬಲಗೈಲಿ. ಗಾಳಿ ನೂಕೋ ಕಡೆ ಆಸರೆ ಬೇಕು.
- ಬಲಕ್ಕೆ ಕಡಿದಾದ ಇಳಿಜಾರು ಇರೋ ಕಡೆ ಕಾಲುದಾರಿ ಅಂಚು ಬಿಟ್ಟು ಎಡಕ್ಕೆ ನಡೀರಿ.

ಅಕ್ಟೋಬರ್ ಎರಡನೇ ಭಾಗದಿಂದ ಹಿಂಗಾರು ಶುರು. ಆಗ ಗಾಳಿ ಮೂಡಣದಿಂದ, ಮೇಲೆ ಹೇಳಿದ್ದೆಲ್ಲಾ ತಿರುಗಾಮುರುಗಾ.

ಎತ್ತರ ತಗ್ಗು
ಇದಕ್ಕೆ ಒಂದು ಸೇರಿಸ್ತೀನಿ. ಗಾಳಿ ಅತಿ ಜೋರಿರೋದು ಶಿಖರದಲ್ಲಿ ಅಂದ್ಕೊಳ್ತಾರೆ. ಅಲ್ಲ. ಎರಡು ಗುಡ್ಡದ ನಡುವೆ ಇಳಿದು ಹತ್ತೋ ತಗ್ಗು ಇದೆಯಲ್ಲ, ಅಲ್ಲಿ. ಕಣಿವೆಯಿಂದ ಮೇಲೆದ್ದ ಗಾಳಿಯೆಲ್ಲಾ ಆ ಕಿರಿದಾದ ಕಂಡಿಯಲ್ಲೇ ನುಗ್ಗಬೇಕು. ತಗ್ಗಿಗೆ ಇಳಿಯೋ ಮುಂಚೆ ಎಲ್ಲರೂ ಸೇರ್ಕೊಳ್ಳಿ, ಜಾಕೆಟ್ ಜಿಪ್ ಕತ್ತಿನವರೆಗೆ ಎಳ್ಕೊಳ್ಳಿ, ಟೋಪಿ ತೆಗೆದು ಒಳಗಿಡಿ, ನಿಲ್ಲದೆ ದಾಟಿ. ಫೋಟೋ ಆಚೆ ಹೋದ್ಮೇಲೆ. ಜೋರು ಬೀಸು ಬಂದ್ರೆ ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಗಾಳಿಗೆ ಪಕ್ಕೆ ಕೊಟ್ಟು ನಿಂತುಬಿಡಿ. ಬೀಸು ಇಳಿದ ಮೇಲೆ ಹೆಜ್ಜೆ.

ಸುಂಕೇನಹಳ್ಳಿ
ಪಾಂಚೊ ಬೇಡ, ಬೇಡ, ಬೇಡ. ಗಾಳಿಯಲ್ಲಿ ಅದು ಹಡಗಿನ ಹಾಯಿ. ಮುಖಕ್ಕೆ ಸುತ್ಕೊಂಡ್ರೆ ಕಾಲು ಎಲ್ಲಿ ಇಡ್ತಿದ್ದೀರಿ ಅನ್ನೋದೂ ಕಾಣಲ್ಲ.

ಲೇಯರ್ ಲೆಕ್ಕ
ಒಪ್ಪಿದೆ. ಬಟ್ಟೆ ಬಗ್ಗೆ ವಿವರವಾಗಿ ಬರೀತೀನಿ, ಹೊರಡೋ ಹಿಂದಿನ ದಿನ ಹೆಚ್ಚಿನವರು ಎಡವೋದು ಇಲ್ಲೇ.

ಮೈಗೆ ಹತ್ತೋದು ಪಾಲಿಯೆಸ್ಟರ್ ಟೀ ಶರ್ಟ್. ಹತ್ತಿ ಬಟ್ಟೆ, ಜೀನ್ಸ್ ಬೇಡವೇ ಬೇಡ. ಒದ್ದೆಯಾದ ಹತ್ತಿ ಮೈಗೆ ಅಂಟಿಕೊಂಡು ಶಾಖ ಎಳೀತಾನೇ ಇರುತ್ತೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಸಾಗಿಸುತ್ತೆ. ಅದರ ಮೇಲೆ ತೆಳು ಫ್ಲೀಸ್, ಇದು ನಿಂತಾಗ ಮಾತ್ರ, ಹತ್ತುವಾಗ ಬ್ಯಾಗ್‌ನಲ್ಲಿರಲಿ. ಎಲ್ಲಕ್ಕಿಂತ ಮೇಲೆ ಹುಡ್ ಇರೋ ಮಳೆ ಜಾಕೆಟ್. ಹುಡ್‌ಗೆ ಬಿಗಿ ಮಾಡೋ ದಾರ, ತೋಳಿಗೆ ವೆಲ್ಕ್ರೋ ಇದೆಯಾ ನೋಡಿ. ಇಲ್ಲದಿದ್ರೆ ಗಾಳಿ ತೋಳೊಳಗೇ ನುಗ್ಗುತ್ತೆ. ಡೆಕಾತ್ಲಾನ್‌ನ ಸಾಧಾರಣ ಜಾಕೆಟ್ ಸಾಕು.

ಸರ್ಪದಾರಿ ಹತ್ತುವಾಗ ಜಾಕೆಟ್ ಹಾಕಬೇಡಿ. ಒಳಗಿಂದ ಬೆವರಿ ಒದ್ದೆ ಆದ್ರೂ ಅಷ್ಟೇ, ಮಳೆಗೆ ನೆಂದ್ರೂ ಅಷ್ಟೇ. ತುದಿಗೆ ಸ್ವಲ್ಪ ಕೆಳಗೆ, ಗಾಳಿ ಶುರುವಾಗೋ ಮೊದಲು, ಎಲ್ಲರನ್ನೂ ನಿಲ್ಲಿಸಿ ಒಣ ಟೀ ಶರ್ಟ್ ಬದಲಿಸಿ ಜಾಕೆಟ್ ಹಾಕಿಸಿ. ಗಾಳಿಯಲ್ಲಿ ನಿಂತ ಮೇಲೆ ಬದಲಿಸ್ತೀನಿ ಅಂದ್ರೆ ಅಷ್ಟರಲ್ಲಿ ನಡುಕ ಹತ್ತಿರುತ್ತೆ.

ಬ್ಯಾಗ್‌ನ ರೇನ್ ಕವರ್ ಗಾಳಿಗೆ ಕಿತ್ತು ಹೋಗುತ್ತೆ. ಬ್ಯಾಗ್ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದರೊಳಗೆ ಬಟ್ಟೆ ತುಂಬಿ, ಬಾಯಿ ತಿರುಚಿ ಮಡಚಿ. ಕ್ಯಾಪ್ ಬದಲು ಮಂಕಿ ಕ್ಯಾಪ್ ಅಥವಾ ಬಫ್. ಕನ್ನಡಕದವರಿಗೆ ಹಿಂದೆ ಕಟ್ಟೋ ದಾರ.

ಕನ್ನಿಂಗ್ಹ್ಯಾಮ್ ರಸ್ತೆ
ಕರ್ನಾಟಕದಲ್ಲಿ ಮಂಕಿ ಕ್ಯಾಪಾ? ಹಿಮಾಲಯ ಅಲ್ಲ ಸ್ವಾಮಿ ಅದು.

ಲೇಯರ್ ಲೆಕ್ಕ
ಗಾಳಿ-ಚಳಿ ಸೂತ್ರ ಹಾಕಿ ನೋಡಿ. 10 ಡಿಗ್ರಿ, ಗಾಳಿ 40 ಕಿ.ಮೀ. ಇದ್ರೆ ಬರೀ ಚರ್ಮಕ್ಕೆ ತಗಲೋದು 6 ಡಿಗ್ರಿಯ ಚಳಿ. ಸೆಪ್ಟೆಂಬರ್ ಹಗಲಲ್ಲಿ 10ಕ್ಕಿಂತ ಬೆಚ್ಚಗೇ ಇರುತ್ತೆ, ಸರಿ. ಆದ್ರೆ ಆ ಸೂತ್ರ ಒಣ ಮೈಗೆ. ಒದ್ದೆ ಮೈಗೆ ಗಾಳಿ ಹೊಡೆದ್ರೆ 15 ಡಿಗ್ರಿಯಲ್ಲೂ ದೇಹದ ಶಾಖ ಕುಸಿಯುತ್ತೆ. ಗುರುತು ಇವು: ಮಾತು ತೊದಲುತ್ತೆ, ಸುಮ್ಮಸುಮ್ಮನೆ ಎಡವ್ತಾರೆ, ಜಿಪ್ ಹಾಕಕ್ಕೆ ಬೆರಳು ಆಡಲ್ಲ, ಚಿಕ್ಕ ಮಾತಿಗೂ ಸಿಡುಕು. ತಮಗೇ ಗೊತ್ತಾಗಲ್ಲ ಅನ್ನೋದೇ ತೊಂದರೆ. ಪಕ್ಕದವರು ಗಮನಿಸಬೇಕು.

ಮಾಡಬೇಕಾದ್ದು: ಮರೆಗೆ ಕರ್ಕೊಂಡು ಹೋಗಿ, ಒದ್ದೆ ಬಟ್ಟೆ ತೆಗೆಸಿ ಒಣದು ಹಾಕಿಸಿ, ತಲೆ ಮುಚ್ಚಿ, ಕೂರೋಕೆ ಬ್ಯಾಗ್ ಕೊಡಿ, ಬರೀ ನೆಲ ಬೇಡ. ಪ್ರಜ್ಞೆ ಸರಿಯಿದ್ರೆ ಬಿಸಿ ಸಿಹಿ ಚಹಾ. ಗುಂಪಿಗೆ ಎರಡು ಥರ್ಮಸ್, ಎರಡು ಫಾಯಿಲ್ ಹೊದಿಕೆ ಇರಲೇಬೇಕು. ಫಾಯಿಲ್ ಜಾಕೆಟ್ ಒಳಗೆ ಸುತ್ತಿ. ಹೊರಗೆ ಹೊದೆಸಿದ್ರೆ ಚಿಂದಿ ಆಗಿ ಹಾರುತ್ತೆ.

ಅರಣ್ಯ ಗೇಟ್
ಎಲ್ಲಾ ಸರಿ, ಅನುಮತಿ ಕೇಳಿದ್ರಾ? ಸರ್ಪದಾರಿ ಹತ್ತೋದು ಒಂದು, ನೆತ್ತಿ ಮೇಲೇ ಆಚೆ ದಾಟೋದು ಇನ್ನೊಂದು. ಹಳೇ ಬ್ಲಾಗ್‌ನಲ್ಲಿ 'ಪರ್ಮಿಷನ್ ಬೇಕಿಲ್ಲ' ಅಂತ ಬರೆದಿರೋದನ್ನ ನಂಬಿ ಹೋಗಬೇಡಿ. ಹೊರಡೋ ಮುಂಚೆ ಚಿಕ್ಕಮಗಳೂರು ಅರಣ್ಯ ಇಲಾಖೆಗೆ ಫೋನ್ ಮಾಡಿ, ಗುಂಪಿನ ಸಂಖ್ಯೆ ಹೇಳಿ, ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ವಾಹನಕ್ಕೆ ಗಿರಿ ದಾರಿಯ ಆನ್‌ಲೈನ್ ಬುಕಿಂಗ್ ನಿಯಮ ಬೇರೆ ಇದೆ, ಜೀಪಿನವರ ಹತ್ರ ಖಚಿತ ಮಾಡ್ಕೊಳ್ಳಿ. ಡಿಸೆಂಬರ್‌ಗೆ ಮುಂದೂಡೋ ಯೋಚನೆ ಇದ್ರೆ ದತ್ತ ಜಯಂತಿ ದಿನಗಳನ್ನ ಬಿಡಿ, ಆಗ ಪ್ರವಾಸಿಗರಿಗೆ ನಿರ್ಬಂಧ ಹಾಕ್ತಾರೆ.

ಒಪ್ಪಿಗೆ ಸಿಗಲಿಲ್ಲ ಅಂದ್ರೆ ಇದೇ ಥರದ ಹುಲ್ಲುಗುಡ್ಡ ಕುದುರೆಮುಖದಲ್ಲಿದೆ. ಅರಣ್ಯ ವಿಹಾರ ಜಾಲತಾಣದಲ್ಲಿ ಬುಕಿಂಗ್, ದಿನಕ್ಕೆ 300 ಜನಕ್ಕೆ ಮಿತಿ, ಗೈಡ್ ಜೊತೆಗೇ ಬರ್ತಾರೆ. ನೇತ್ರಾವತಿಗೂ ಹಾಗೇ.

ರಾಯಲ್ ಎಕ್ಸ್‌ಪ್ರೆಸ್
300 ಜನರ ಸಾಲಲ್ಲಿ ನಡೆಯೋದು ನಡಿಗೆಯಾ?

ಅರಣ್ಯ ಗೇಟ್
ಮಿತಿ ಇಲ್ಲದಿದ್ರೆ ಏನಾಗುತ್ತೆ ಅಂತ 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ನೋಡಿದೀವಲ್ಲ. ಆ ಜನಜಂಗುಳಿ ಆದ್ಮೇಲೇ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ತಂದಿದ್ದು. ಹುಲ್ಲುಗುಡ್ಡ ಕಲ್ಲಲ್ಲ. ಒಂದು ಕಾಲುದಾರಿ ಕೆಸರಾದ್ರೆ ಜನ ಪಕ್ಕದ ಹುಲ್ಲು ತುಳೀತಾರೆ, ಅದು ಕೆಸರಾದ್ರೆ ಇನ್ನೂ ಆಚೆ. ಬೇರು ಹೋದ್ಮೇಲೆ ಒಂದೇ ಮಳೆಗಾಲಕ್ಕೆ ಆ ಜಾಗ ಕೊರಕಲು. ದಯವಿಟ್ಟು ಕೆಸರಿನಲ್ಲೇ ನಡೀರಿ, ಶೂ ತೊಳೆದ್ರೆ ಹೋಗುತ್ತೆ.

ಬಾಲಂಗೋಚಿ
ಗುಂಪು ನಡೆಸೋ ವಿಷಯಕ್ಕೆ ಬರ್ತೀನಿ. 14 ಜನಕ್ಕೆ ಮುಂದೆ ಒಬ್ಬರು, ಹಿಂದೆ ಒಬ್ಬರು, ಮಧ್ಯ ಒಬ್ಬರು. ಹಿಂದಿನವರು ಗುಂಪಿನ ಅತಿ ಅನುಭವಿ ಆಗಿರಬೇಕು, ಮುಂದಿನವರಲ್ಲ. ತೊಂದರೆ ಎಲ್ಲಾ ಹಿಂದೇನೇ ಆಗೋದು. ಮುಂದಿನವರ ಕೆಲಸ ನಿಧಾನ ನಡೆಯೋದು. ಅತಿ ನಿಧಾನದವರನ್ನ ಎರಡನೇ ಜಾಗದಲ್ಲಿ ಇಟ್ರೆ ಗತಿ ತಾನಾಗೇ ಸರಿಹೋಗುತ್ತೆ.

ಒಬ್ಬೊಬ್ಬರಿಗೂ 1ರಿಂದ 14 ನಂಬರ್ ಕೊಡಿ. ಪ್ರತಿ ನಿಲುಗಡೆ, ಪ್ರತಿ ಕವಲಿನಲ್ಲಿ ಅವರೇ ಕೂಗಬೇಕು. ಮುಂದಿನವರು ತಲೆ ಎಣಿಸಿದ್ರೆ ಮಂಜಲ್ಲಿ ಬೇರೆ ಗುಂಪಿನವರೂ ಲೆಕ್ಕಕ್ಕೆ ಬಂದುಬಿಡ್ತಾರೆ. ಭಾನುವಾರ ಆದ್ರಂತೂ ಗ್ಯಾರಂಟಿ.

ಮಂಜು ಕವಿದ್ರೆ ನಿಯಮ ಒಂದೇ: ಮುಂದಿನವರ ಬೆನ್ನು, ಹಿಂದಿನವರ ಮುಖ ಎರಡೂ ಕಾಣಬೇಕು. ಹಿಂದೆ ಕಾಣಿಸ್ತಿಲ್ವಾ, ನಿಲ್ಲಿ. ನೀವು ನಿಂತ್ರೆ ಮುಂದಿನವರಿಗೆ ನೀವು ಕಾಣಲ್ಲ, ಅವರೂ ನಿಲ್ತಾರೆ. ಹೀಗೆ ಸುದ್ದಿ ಕೂಗದೆಯೇ ತಲುಪುತ್ತೆ. ಗಾಳಿಯಲ್ಲಿ ಕೂಗಿದ್ದು ಹತ್ತು ಮೀಟರ್ ಹೋಗಲ್ಲ, ಅದಕ್ಕೇ ಎಲ್ಲರ ಕೊರಳಲ್ಲೂ ಸೀಟಿ. ಒಂದು ಸೀಟಿ ನಿಲ್ಲಿ, ಎರಡು ನಡೀರಿ. ನಿಮಿಷಕ್ಕೆ ಆರು ಸೀಟಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಅಂದ್ರೆ ಅಪಾಯ. ಇದು ಬಹಳ ಕಡೆ ಒಪ್ಪಿಕೊಂಡಿರೋ ಸಂಕೇತ. ಉತ್ತರ ಮೂರು ಸೀಟಿ.

ಜಿಪಿಎಕ್ಸ್ ಫೈಲ್ (ದಾರಿಯ ಜಿಪಿಎಸ್ ಗುರುತು), ಆಫ್‌ಲೈನ್ ನಕ್ಷೆ ಮೂವರ ಫೋನ್‌ನಲ್ಲಿರಲಿ. ಆ ಮೂರೂ ಏರೋಪ್ಲೇನ್ ಮೋಡ್‌ನಲ್ಲಿ, ಜಿಪಿಎಸ್ ಅದರಲ್ಲೂ ಕೆಲಸ ಮಾಡುತ್ತೆ. ತುರ್ತಿಗೆ 112. ನೆಟ್‌ವರ್ಕ್ ಬರೋದು ಹೋಗೋದು ಇರುತ್ತೆ, ಕಂಪನಿ ಬೇರೆ ಬೇರೆ ಇರೋ ಫೋನ್‌ಗಳಿರಲಿ.

ನೈಸ್ಮಿತ್ ಪ್ರೇಮಿ
ಸಮಯದ ಲೆಕ್ಕ. 1892ರಿಂದ ಬಳಕೆಯಲ್ಲಿರೋ ನೈಸ್ಮಿತ್ ಸೂತ್ರ: 5 ಕಿ.ಮೀ.ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ. ನಿಮ್ಮದು ಅಂದಾಜು 15 ಕಿ.ಮೀ., ಏರು ಎಲ್ಲಾ ಸೇರಿ 800 ಮೀಟರ್ ಇಟ್ಕೊಳ್ಳಿ. 3 ಗಂಟೆ, ಅದಕ್ಕೆ 1 ಗಂಟೆ 20 ನಿಮಿಷ. ಇದು ಗಟ್ಟಿಮುಟ್ಟಾದ ಒಬ್ಬರ ಲೆಕ್ಕ. ಗಾಳಿ, 14 ಜನ ಅಂದ್ರೆ ಒಂದೂವರೆ ಪಟ್ಟು: ಆರೂವರೆ ಗಂಟೆ. ಊಟ, ನಿಲುಗಡೆ ಒಂದು ಗಂಟೆ. ಏಳೂವರೆ.

ಬೆಳಿಗ್ಗೆ 7:30ಕ್ಕೆ ಸರ್ಪದಾರಿ ಬುಡ ಬಿಟ್ರೆ ಮಧ್ಯಾಹ್ನ 3ಕ್ಕೆ ಮುಗೀಬೇಕು. ಕತ್ತಲಾಗೋದು ಆರೂಕಾಲಿನ ಹೊತ್ತಿಗೆ, ಅಂದ್ರೆ ಕೈಲಿ ಮೂರು ಗಂಟೆ ಉಳಿಯುತ್ತೆ. 10:30ರೊಳಗೆ ಮುಳ್ಳಯ್ಯನಗಿರಿ ಗುಡಿ ಮುಟ್ಟಿಲ್ವಾ, ನೆತ್ತಿ ದಾರಿ ಬಿಟ್ಟು ಮೆಟ್ಟಿಲಿಳಿದು ಜೀಪ್ ಹತ್ತಿ. ಇದನ್ನ ಬಸ್ಸಲ್ಲೇ ಎಲ್ಲರಿಗೂ ಹೇಳಿ. ಮೇಲೆ ಹೋದ್ಮೇಲೆ ಹೇಳಿದ್ರೆ ಅರ್ಧ ಗಂಟೆ ವಾದ ಆಗುತ್ತೆ.

ಕೈಮರ
ಮಧ್ಯ ಇಳಿಯೋ ಬಗ್ಗೆ: ಕೆಳಗೆ ಬಾಬಾಬುಡನ್‌ಗಿರಿ ರಸ್ತೆ ಕಂಡಿತು ಅಂತ ಹುಲ್ಲಿನ ಇಳಿಜಾರಲ್ಲಿ ನೇರ ಇಳಿಯಬೇಡಿ. ಮೇಲಿಂದ ಸಲೀಸು ಕಾಣುತ್ತೆ. ಕೆಳಗೆ ಶೋಲಾ, ಅಂದ್ರೆ ಗುಡ್ಡದ ಮಡಿಲಲ್ಲಿ ಬೆಳೆಯೋ ದಟ್ಟ ಕಾಡಿನ ಕೊರಕಲು, ಕಾಫಿ ತೋಟದ ಬೇಲಿ. ಶೋಲಾ ಅಂಚಲ್ಲಿ ಕಾಟಿಗಳೂ ಮೇಯ್ತಿರುತ್ತವೆ. ಇಳಿಯೋ ಕಾಲುದಾರಿ ಎಲ್ಲೆಲ್ಲಿ ಇದೆ ಅಂತ ಅತ್ತಿಗುಂಡಿ ಕಡೆಯ ಜೀಪಿನವರ ಹತ್ರ ಮೊದಲೇ ಕೇಳಿ ನಕ್ಷೆಯಲ್ಲಿ ಗುರುತು ಹಾಕ್ಕೊಳ್ಳಿ. ಇನ್ನೂ ಒಳ್ಳೇದು, ಸ್ಥಳೀಯ ಗೈಡ್ ಒಬ್ಬರನ್ನ ಕರ್ಕೊಳ್ಳಿ.

ಇಂಬಳ ವೈರಿ
ಇಂಬಳದ ಬಗ್ಗೆ ಒಬ್ಬರೂ ಮಾತಾಡಿಲ್ವಲ್ಲ!

ಜಾಗರ ಕಣಿವೆ
ಬೋಳು ನೆತ್ತಿ ಮೇಲೆ ಕಮ್ಮಿ, ಗಾಳಿಗೆ ನೆಲ ಒಣಗಿರುತ್ತೆ. ಮರ ಇರೋ ಮಡಿಲಲ್ಲಿ ಜಾಸ್ತಿ. ಊಟಕ್ಕೆ ಬೆಚ್ಚಗಿದೆ ಅಂತ ಶೋಲಾ ಒಳಗೆ ಕೂರಬೇಡಿ, ಅಂಚಿಗಿಂತ ಸ್ವಲ್ಪ ಮೇಲೆ ಗಿಡ್ಡ ಹುಲ್ಲಲ್ಲಿ, ಕಲ್ಲಿನ ಮರೆಯಲ್ಲಿ ಕೂರಿ.

ಇಂಬಳ ವೈರಿ
ಲೀಚ್ ಸಾಕ್ಸ್ ಪ್ಯಾಂಟ್ ಮೇಲೆ ಮಂಡಿವರೆಗೆ. ಹತ್ತಿದ್ರೆ ಕಿತ್ತು ಎಳೀಬೇಡಿ, ಉಗುರನ್ನ ಚರ್ಮಕ್ಕೆ ಒತ್ತಿ ಅದರ ಬಾಯಿ ಕಡೆಯಿಂದ ಜಾರಿಸಿ. ರಕ್ತ ಸ್ವಲ್ಪ ಹೊತ್ತು ನಿಲ್ಲಲ್ಲ, ಹೆಪ್ಪುಗಟ್ಟದಂತೆ ಅದು ಹಿರುಡಿನ್ ಬಿಟ್ಟಿರುತ್ತೆ. ಒರೆಸಿ ಬ್ಯಾಂಡೇಜ್ ಹಾಕಿದ್ರಾಯ್ತು. ಉಪ್ಪಿನ ಪೊಟ್ಟಣ ದಾರಿಯುದ್ದಕ್ಕೂ ಚೆಲ್ಲಬೇಡಿ, ಸಾಕ್ಸ್‌ಗೆ ಸವರಿದ್ರೆ ಸಾಕು.

ಉತ್ತರಹಳ್ಳಿ ಡಬ್ಬಿ
ಊಟ: ಚಿತ್ರಾನ್ನ, ಪುಳಿಯೋಗರೆ ಬೇಡ. ಎರಡೂ ಕೈ ಬೇಕು, ಗಾಳಿಗೆ ಅಗುಳು ಹಾರುತ್ತೆ, ಕೈ ಮರಗಟ್ಟಿದ್ರೆ ತಿನ್ನಕ್ಕಾಗಲ್ಲ. ಚಪಾತಿಗೆ ಪಲ್ಯ ಸುತ್ತಿ ಉದ್ದ ಡಬ್ಬಿಯಲ್ಲಿ, ಹೋಳಿಗೆ, ಕಡ್ಲೆಮಿಠಾಯಿ, ಖರ್ಜೂರ. ಜಾಕೆಟ್ ಜೇಬಲ್ಲೇ ಒಂದಿಷ್ಟು ಇರಲಿ, ಗಂಟೆಗೊಂದು ಸಲ ನಡೀತಾ ತಿನ್ನಬಹುದು. ಗಾಳಿಯಲ್ಲಿ ಬಾಯಾರಿಕೆ ಗೊತ್ತಾಗಲ್ಲ, ಆದ್ರೂ ತಲಾ 2 ಲೀಟರ್ ನೀರು ಹೊರಲೇಬೇಕು. ಪೇಪರ್ ಪ್ಲೇಟ್, ಟಿಶ್ಯೂ ತರಲೇಬೇಡಿ. ಹಾರಿದ್ರೆ ಕಣಿವೆಗೆ ಹೋಯ್ತು, ಯಾರೂ ಹೆಕ್ಕಲ್ಲ.

ನೀಲಿ ಗುಡ್ಡ
ನೀಲಕುರಿಂಜಿ ಸಿಗುತ್ತಾ ಈ ಸಲ?

ಜಾಗರ ಕಣಿವೆ
ಚಂದ್ರದ್ರೋಣ ಸಾಲಲ್ಲಿ, ಅಂದ್ರೆ ಇದೇ ಬಾಬಾಬುಡನ್ ಸಾಲಲ್ಲಿ, ದೊಡ್ಡದಾಗಿ ಅರಳಿದ್ದು 2022ರಲ್ಲಿ. ಅದು 12 ವರ್ಷಕ್ಕೊಮ್ಮೆ ಹೂ ಬಿಡೋ ಜಾತಿ, ಲೆಕ್ಕ ಹಾಕ್ಕೊಳ್ಳಿ. ಬೇರೆ ಸಣ್ಣ ಹೂಗಳು ಸೆಪ್ಟೆಂಬರ್‌ನಲ್ಲಿ ಧಾರಾಳ ಇರುತ್ತೆ.

ಕನ್ನಿಂಗ್ಹ್ಯಾಮ್ ರಸ್ತೆ
ಒಂದು ಪ್ರಶ್ನೆ. ಇಷ್ಟು ಮಳೆ ಬೀಳೋ ಕಡೆ ಮರ ಯಾಕಿಲ್ಲ? ಕಡಿದುಬಿಟ್ಟಿದ್ದಾರಾ? ಗಿಡ ನೆಡೋ ಕಾರ್ಯಕ್ರಮ ಇಟ್ಕೋಬಹುದಲ್ಲ.

ಅರಣ್ಯ ಗೇಟ್
ದಯವಿಟ್ಟು ಬೇಡ. ಶೋಲಾ ಮಡಿಲಲ್ಲಿ, ಹುಲ್ಲು ಬೆನ್ನಿನ ಮೇಲೆ, ಇದೇ ಅಲ್ಲಿನ ಸಹಜ ಜೋಡಿ. ಗಾಳಿ, ತೆಳು ಮಣ್ಣು, ಬೆಂಕಿ ಎಲ್ಲಾ ಸೇರಿ ಮರವನ್ನ ಮಡಿಲಿಗೆ ತಳ್ಳಿವೆ. ಅಂಚನ್ನ ನೋಡಿ, ಗೆರೆ ಎಳೆದ ಹಾಗೆ ಕಾಡು ನಿಂತುಬಿಡುತ್ತೆ. ಆ ಹುಲ್ಲಿನ ಬೇರು ಮಳೆನೀರು ಹಿಡಿದು ನಿಧಾನಕ್ಕೆ ಹಳ್ಳಕ್ಕೆ ಬಿಡುತ್ತೆ. ಅದನ್ನ ಪಾಳು ಜಾಗ ಅಂದ್ಕೊಂಡು ಅಕೇಶಿಯಾ, ನೀಲಗಿರಿ ನೆಟ್ಟ ಕಡೆಗಳಲ್ಲೆಲ್ಲಾ ಹುಲ್ಲೂ ಹೋಯ್ತು, ಅದನ್ನ ನಂಬಿದ್ದ ಹಕ್ಕಿಗಳೂ ಹೋದವು.

ಫಿಲ್ಟರ್ ಡಿಕಾಕ್ಷನ್
ಬಾಬಾಬುಡನ್ ಏಳು ಕಾಫಿ ಬೀಜ ತಂದು ನೆಟ್ಟರು ಅನ್ನೋದು ಈ ಗುಡ್ಡದಲ್ಲೇ ಅಲ್ವಾ? ಇಳಿದ ಮೇಲೆ ಒಂದು ಲೋಟ ಕುಡಿದೇ ಬಸ್ ಹತ್ತಿ.

ಮೋಡದ ಮೇಲೆ
ಸಿಡಿಲಿನ ಬಗ್ಗೆ ಎರಡು ಮಾತು, ಅಕ್ಟೋಬರ್‌ಗೆ ಜಾರಿದ್ರೆ ಬೇಕಾಗುತ್ತೆ. ಮಿಂಚು ಕಂಡು 30 ಸೆಕೆಂಡ್ ಒಳಗೆ ಗುಡುಗು ಕೇಳಿಸಿದ್ರೆ ಸಿಡಿಲು 10 ಕಿ.ಮೀ. ಒಳಗಿದೆ. ಆ ಕ್ಷಣ ನೆತ್ತಿ ಬಿಟ್ಟು ಇಳೀರಿ. ಒಂಟಿ ಮರದ ಕೆಳಗೆ ಬೇಡ, ಒಬ್ಬರಿಗೊಬ್ಬರು ಅಂಟಿ ನಿಲ್ಲೋದೂ ಬೇಡ, ಅಂತರ ಬಿಡಿ. ಕೊನೇ ಗುಡುಗು ಕೇಳಿ 30 ನಿಮಿಷ ಆಗೋವರೆಗೆ ಮೇಲಕ್ಕೆ ಹೋಗಬೇಡಿ. ಈ ಕಾಲದಲ್ಲಿ ಗುಡುಗು ಮಧ್ಯಾಹ್ನದ ಮೇಲೇ ಜಾಸ್ತಿ, ಬೇಗ ಹೊರಡೋಕೆ ಇನ್ನೊಂದು ಕಾರಣ.

ಹೆಜ್ಜೆಗೆಜ್ಜೆ
ಗುಂಪಲ್ಲಿ ಹೆಂಗಸರು ಎಷ್ಟು ಜನ? ಯಾರೂ ಕೇಳದ ವಿಷಯ ಅದು. ಬೋಳು ಗುಡ್ಡದಲ್ಲಿ ಮರೆ ಇಲ್ಲ, ಅದಕ್ಕೆ ಹೆದರಿ ನೀರು ಕುಡಿಯೋದೇ ಬಿಡ್ತಾರೆ, ಮಧ್ಯಾಹ್ನದ ಹೊತ್ತಿಗೆ ತಲೆನೋವು, ಸುಸ್ತು. ಊರಲ್ಲೇ ಶೌಚಾಲಯಕ್ಕೆ ಅರ್ಧ ಗಂಟೆ ಸಮಯ ಇಡಿ. ಮೇಲೆ ಪ್ರತಿ ಎರಡು ಗಂಟೆಗೆ ಒಂದು ನಿಲುಗಡೆ ಮೊದಲೇ ಘೋಷಿಸಿ: ಗಂಡಸರು ದಾರಿಯಲ್ಲಿ ಮುಂದೆ, ಹೆಂಗಸರು ಹಿಂದೆ ದಿಬ್ಬದ ಆಚೆ, ಇಬ್ಬಿಬ್ಬರಾಗಿ. ಒಂದು ದೊಡ್ಡ ದುಪಟ್ಟಾ ಅಥವಾ ಲುಂಗಿ ಹಿಡಿದ್ರೆ ಮರೆ ಆಗುತ್ತೆ. ಗಾಳಿಗೆ ಬೆನ್ನು ಮಾಡಿ ಕೂರಿ. ಪ್ಯಾಡ್, ಕಾಗದ ಜಿಪ್ ಚೀಲದಲ್ಲಿ ವಾಪಸ್ ಊರಿಗೆ.

ವಿಜಯನಗರ ವಾಕರ್
ಆರು ಜನ ಹೆಂಗಸರಿದ್ದಾರೆ. ಇದು ನಮ್ಮ ಪಟ್ಟಿಯಲ್ಲೇ ಇರಲಿಲ್ಲ, ಸೇರಿಸಿದೆ. 61 ವರ್ಷದವರಿಗೆ ಮಂಡಿ ಇಳಿಜಾರಲ್ಲಿ ಸ್ವಲ್ಪ ನೋಯುತ್ತೆ, ಅವರಿಗೆ ಕೋಲು ಒಂದು ಸಾಕಾ ಎರಡು ಬೇಕಾ?

ಎತ್ತರ ತಗ್ಗು
ಎರಡು. ಹತ್ತುವಾಗ ಮೊಣಕೈ 90 ಡಿಗ್ರಿಗೆ ಬರೋ ಅಳತೆ, ಇಳಿಯುವಾಗ 5ರಿಂದ 10 ಸೆಂ.ಮೀ. ಉದ್ದ ಮಾಡಿ. ಒದ್ದೆ ಹುಲ್ಲಲ್ಲಿ ರಬ್ಬರ್ ತುದಿ ಜಾರುತ್ತೆ, ಕಳಚಿ ಲೋಹದ ಮೊನೆ ಊರಿ. ಬಂಡೆ ಬಂದಾಗ ಮತ್ತೆ ರಬ್ಬರ್. ಕೋಲಿನ ಹಿಡಿಯ ಪಟ್ಟಿಯೊಳಗೆ ಕೈ ಕೆಳಗಿಂದ ತೂರಿಸಿ ಹಿಡೀಬೇಕು.

ಬಾಲಂಗೋಚಿ
ಮೆಟ್ಟಿಲು ಇಳಿಯುವಾಗ ಮಾತ್ರ ಪಟ್ಟಿಯಿಂದ ಕೈ ಹೊರಗಿರಲಿ. ಬಿದ್ದಾಗ ಕೋಲು ಸಿಕ್ಕಿಹಾಕ್ಕೊಂಡ್ರೆ ಮಣಿಕಟ್ಟು ತಿರುಚುತ್ತೆ.

ಕೈಮರ
ವಾಪಸ್ ಬಸ್ ರಾತ್ರಿ 10ರ ಮೇಲಿನದೇ ಬುಕ್ ಮಾಡಿ. ವಾರಾಂತ್ಯದಲ್ಲಿ ಸಂಜೆ ಗಿರಿಯಿಂದ ಕೈಮರದವರೆಗೆ ವಾಹನ ಸಾಲುಗಟ್ಟಿ ನಿಲ್ಲುತ್ತೆ, ಜೀಪಿನವರು ಏನೂ ಮಾಡಕ್ಕಾಗಲ್ಲ. ದಿನ ಬದಲಿಸೋಕಾದ್ರೆ ಮಂಗಳವಾರ, ಬುಧವಾರ ಹೋಗಿ.